ಕಡಿದ ಕಬ್ಬು ಕಾಯುವುದಿಲ್ಲ

ಸೊಲ್ಲಾಪುರದ ಬದಿಯಲ್ಲೇ ಕುಮಠೆ ಇದೆ. ಶ್ರೀ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವುದು ಇಲ್ಲಿಯೇ. ಸೊನ್ನಲಿಗೆಯ ಶರಣ, ಕನ್ನಡದ ವಚನಕಾರ ಸಿದ್ಧರಾಮರ ಹೆಸರು ಹೊತ್ತ ಕಾರ್ಖಾನೆ ಇದು. ಈ ಸೀಮೆಯಲ್ಲಿ ನಾವು ಕಬ್ಬು ಅಂದದ್ದನ್ನು ತೆಲುಗರು ಚೆರಕು ಅಂತಾರೆ, ಮರಾಠಿಯವರು ಊಸ ಅಂತಾರೆ. ಹೆಸರು ಮೂರು, ವಸ್ತು ಒಂದೇ. ಆದರೆ ಹೊಲದಾಗ ಬೇರಿನ ಮೇಲೆ ನಿಂತ ಕಬ್ಬು ಬೇರೆ, ಕಡಿದು ನಾಲ್ಕು ದಿನ ಬಿಸಿಲಿಗೆ ಬಿದ್ದ ಕಬ್ಬು ಬೇರೆ. ಇಲ್ಲಿ ಹೆಸರು ಒಂದೇ, ವಸ್ತು ಮಾತ್ರ ಒಂದಲ್ಲ. ಈ ವ್ಯತ್ಯಾಸ ರೈತನ ಕಿಸೆಗೆ ಸಂಬಂಧಪಟ್ಟದ್ದು. ಇದನ್ನು ತಿಳಿಯಲು ದೊಡ್ಡ ಕಾಲೇಜು ಬೇಕಿಲ್ಲ, ಹತ್ತನೇ ಇಯತ್ತೆಯ ರಸಾಯನಶಾಸ್ತ್ರ ಸಾಕು.

ಎರಡು ಬಗೆಯ ಬದಲಾವಣೆ

ವಸ್ತುವಿನಲ್ಲಿ ಆಗುವ ಬದಲಾವಣೆ ಎರಡು ಬಗೆ. ಒಂದು ಭೌತಿಕ, ಇನ್ನೊಂದು ರಾಸಾಯನಿಕ. ಭೌತಿಕ ಅಂದರೆ ರೂಪ, ಆಕಾರ ಬದಲಾಗ್ತದ, ವಸ್ತು ಅದೇ ಉಳೀತದ. ರಾಸಾಯನಿಕ ಅಂದರೆ ಹಳೆಯ ವಸ್ತು ಹೋಗಿ ಹೊಸ ವಸ್ತು ಹುಟ್ತದ.

ಕುಂಬಾರನ ಕೆಲಸ ನೋಡಿರಿ. ಮಣ್ಣು ಕಲಸಿ ಗಡಿಗೆ ಮಾಡಿ ನೆರಳಿಗೆ ಒಣಗಿಸುತ್ತಾನೆ. ಆ ಹಸಿ ಗಡಿಗೆ ಮಳೆಗೆ ಸಿಕ್ಕರೆ ಕರಗಿ ಮತ್ತೆ ಮಣ್ಣೇ ಆಗುತ್ತದೆ. ಇಲ್ಲಿಯತನಕ ಭೌತಿಕ ಬದಲಾವಣೆ. ಆವಿಗೆಯಲ್ಲಿ ಬೆಂಕಿ ಹತ್ತಿ ಶಾಖ ಸುಮಾರು 500-600 ಡಿಗ್ರಿ ದಾಟಿದರೆ ಮಣ್ಣಿನ ಕಣದೊಳಗೆ ಬಿಗಿದಿದ್ದ ನೀರೂ ಹೊರಬೀಳುತ್ತದೆ, ಕಣದ ಕಟ್ಟಡವೇ ಬೇರೆಯಾಗುತ್ತದೆ. ಅದು ರಾಸಾಯನಿಕ ಬದಲಾವಣೆ. ಸುಟ್ಟ ಗಡಿಗೆಯನ್ನು ವರ್ಷಗಟ್ಟಲೆ ನೀರಲ್ಲಿಟ್ಟರೂ ಹಸಿ ಮಣ್ಣಾಗಿ ಹಿಂದಕ್ಕೆ ಬರುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಕಣ್ಣೆದುರಿನದೇ. ಕುಮಠೆಯ ಕಾರ್ಖಾನೆಯ ಎತ್ತರದ ಚಿಮಣಿಯನ್ನು 2023ರ ಜೂನ್ 15ರಂದು ಸ್ಫೋಟಕ ಇಟ್ಟು ಕೆಡವಿದರು. ಸೊಲ್ಲಾಪುರದ ವಿಮಾನ ಹಾರಾಟಕ್ಕೆ ಅದು ಅಡ್ಡಿ ಎಂಬುದು ಕಾರಣವಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗೇ ಆಯಿತು. ಅಲ್ಲಿ ಬಿದ್ದ ಕಾಂಕ್ರೀಟು ಚೂರಾದರೂ ಕಾಂಕ್ರೀಟೇ. ಅದು ಭೌತಿಕ ಬದಲಾವಣೆ. ಸ್ಫೋಟಕ ಮಾತ್ರ ಕ್ಷಣದಲ್ಲಿ ಬಿಸಿ ಅನಿಲವಾಗಿ ಹೋಯಿತು, ಅದು ರಾಸಾಯನಿಕ. ಒಂದೇ ಕ್ಷಣದಲ್ಲಿ ಎರಡೂ ನಡೆದವು.

ಸಕ್ಕರೆ ಮಾಡುವವರು ಯಾರು?

ಕಾರ್ಖಾನೆ ಸಕ್ಕರೆ ಮಾಡ್ತದ ಅಂತ ಎಲ್ಲರೂ ಹೇಳುತ್ತೇವೆ. ನಿಜ ನೋಡಿದರೆ ಸಕ್ಕರೆ ಮಾಡುವುದು ಕಬ್ಬಿನ ಎಲೆ. ಗಾಳಿಯ ಇಂಗಾಲದ ಡೈಆಕ್ಸೈಡು, ಬೇರು ಎಳೆದ ನೀರು, ಮೇಲಿನ ಬಿಸಿಲು, ಈ ಮೂರರಿಂದ ಎಲೆ ಸಕ್ಕರೆ ಕಟ್ಟಿ ಗಣಿಕೆಯಲ್ಲಿ ತುಂಬುತ್ತದೆ. ಅದಕ್ಕೆ ಹನ್ನೆರಡು ತಿಂಗಳೋ, ಹದಿನೆಂಟು ತಿಂಗಳೋ ಬೇಕು. ಕಾರ್ಖಾನೆಯದು ಬೇರ್ಪಡಿಸುವ ಕೆಲಸ.

ಕಬ್ಬು ಹಿಂಡಿದ ಹಾಲು ಸ್ವಲ್ಪ ಹುಳಿ ಗುಣದ್ದು. ಅದರ ಪಿಎಚ್ ಐದರ ಮೇಲೆ ತುಸು ಇರ್ತದ. ಸುಣ್ಣದ ನೀರು ಹಾಕಿ ಅದನ್ನು ಏಳರ ಸಮೀಪ ತರುತ್ತಾರೆ. ಸುಣ್ಣವು ಹಾಲಿನಲ್ಲಿರುವ ರಂಜಕದ ಅಂಶದ ಜೊತೆ ಕೂಡಿ ಗಸಿಯಾಗುತ್ತದೆ, ಹೊಲಸನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಬಿಳಿ ಸಕ್ಕರೆ ಮಾಡುವ ನಮ್ಮ ದೇಶದ ಬಹುತೇಕ ಕಾರ್ಖಾನೆಗಳಲ್ಲಿ ಗಂಧಕ ಸುಟ್ಟ ಅನಿಲವನ್ನೂ ಹಾಯಿಸಿ ಬಣ್ಣ ತೆಗೆಯುತ್ತಾರೆ. ಇವು ರಾಸಾಯನಿಕ ಕ್ರಿಯೆಗಳು. ಆದರೆ ಅವು ನಡೆಯುವುದು ಕಸದ ಮೇಲೆ. ಸಕ್ಕರೆ ಮಾತ್ರ ಇದ್ದ ಹಾಗೆಯೇ ಇರಬೇಕು.

ಆಮೇಲೆ ನೀರು ಆರಿಸುವುದು. ತೆರೆದ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬರುವಾಗ ಶಾಖ ಸುಮಾರು 118 ಡಿಗ್ರಿ ಇರುತ್ತದೆ. ಆ ಶಾಖಕ್ಕೆ ಸಕ್ಕರೆ ಕಂದಾಗುತ್ತದೆ, ಬೆಲ್ಲಕ್ಕೆ ಬಣ್ಣ ಮತ್ತು ವಾಸನೆ ಬರುವುದರಲ್ಲಿ ಅದರ ಪಾಲಿದೆ. ಕಾರ್ಖಾನೆಯವರು ಪಾತ್ರೆಯೊಳಗಿನ ಗಾಳಿ ಎಳೆದು ಒತ್ತಡ ಇಳಿಸುತ್ತಾರೆ. ಒತ್ತಡ ಇಳಿದರೆ 60-70 ಡಿಗ್ರಿಯಲ್ಲೇ ಪಾಕ ಕುದಿಯುತ್ತದೆ, ಸಕ್ಕರೆ ಸುಡುವುದಿಲ್ಲ. ಹರಳು ಕಟ್ಟಿದ ಮೇಲೆ ಯಂತ್ರದಲ್ಲಿ ಗರಗರ ತಿರುಗಿಸಿ ಕಾಕಂಬಿ ಬೇರೆ, ಸಕ್ಕರೆ ಬೇರೆ ಮಾಡುತ್ತಾರೆ. ಕರಗುವುದು, ಆರುವುದು, ಹರಳಾಗುವುದು ಎಲ್ಲವೂ ಭೌತಿಕ ಬದಲಾವಣೆ.

ಇದರ ಅರ್ಥ ಸರಳ. ಕಬ್ಬಿನಲ್ಲಿ ಇಲ್ಲದ ಸಕ್ಕರೆಯನ್ನು ಯಾವ ಎಂಡಿಯೂ, ಯಾವ ಕೆಮಿಸ್ಟನೂ ಹುಟ್ಟಿಸಲಾರ.

ಕಡಿದ ಮೇಲೆ ಏನಾಗ್ತದ?

ಕೊಯ್ತೆ ಬಿದ್ದ ಗಳಿಗೆಗೆ ಎಲೆಯ ಕೆಲಸ ನಿಂತಿತು. ಗಣಿಕೆಯೊಳಗಿನ ಕೆಲಸ ಮಾತ್ರ ನಿಲ್ಲುವುದಿಲ್ಲ. ಕಬ್ಬಿನಲ್ಲೇ ಇರುವ ಒಂದು ಕಿಣ್ವ, ಅಂದರೆ ಎಂಜೈಮು, ಸಕ್ಕರೆಯನ್ನು ಒಡೆಯಲು ಶುರುಮಾಡುತ್ತದೆ. ಕಡಿದ ಬಾಯಿಯಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಲೋಳೆ ಮಾಡುತ್ತವೆ. ಸಕ್ಕರೆಯ ಒಂದು ಅಣುವಿಗೆ ನೀರಿನ ಒಂದು ಅಣು ಸೇರಿ ಗ್ಲುಕೋಸು, ಫ್ರಕ್ಟೋಸು ಎಂಬ ಎರಡು ಅಣುಗಳಾಗುತ್ತವೆ.

ತೂಕದ ಲೆಕ್ಕ ಹೀಗಿದೆ: 342 ಕಿಲೋ ಸಕ್ಕರೆ, 18 ಕಿಲೋ ನೀರು, ಕೂಡಿ 360 ಕಿಲೋ. ಅಂದರೆ ಏನೂ ಮಾಯವಾಗಲಿಲ್ಲ. ರಾಸಾಯನಿಕ ಕ್ರಿಯೆಯಲ್ಲಿ ವಸ್ತು ಹೊಸದಾಗಿ ಹುಟ್ಟುವುದಿಲ್ಲ, ನಾಶವೂ ಆಗುವುದಿಲ್ಲ ಎಂದು ಫ್ರಾನ್ಸಿನ ಲವಾಸಿಯೇ 1789ರ ತನ್ನ ಗ್ರಂಥದಲ್ಲಿ ಬರೆದದ್ದು ಸಕ್ಕರೆ ಹುಳಿತು ಮದ್ಯವಾಗುವುದನ್ನು ವಿವರಿಸುವ ಅಧ್ಯಾಯದಲ್ಲೇ.

ಏನೂ ನಾಶ ಆಗಿಲ್ಲ ಅಂದರ ನಮಗ ಲುಕ್ಸಾನು ಹ್ಯಾಂಗ್ರಿ, ಅಂತ ಕೇಳಬಹುದು. ಒಡೆದ ಸಕ್ಕರೆ ಕಾರ್ಖಾನೆಯಲ್ಲಿ ಹರಳು ಕಟ್ಟುವುದಿಲ್ಲ. ಮೇಲಾಗಿ ಪಕ್ಕದ ಒಳ್ಳೆ ಸಕ್ಕರೆಗೂ ಹರಳಾಗಲು ತೊಡಕು ಮಾಡಿ, ತನ್ನ ಜೊತೆ ಕಾಕಂಬಿಗೆ ಎಳೆದೊಯ್ಯುತ್ತದೆ. ಜೇನುತುಪ್ಪದಲ್ಲಿ ಹೆಚ್ಚಾಗಿ ಇರುವುದು ಇವೇ ಎರಡು. ಅದು ಪಾಕವಾಗಿ ಇರುವುದನ್ನು ನೋಡಿದ್ದೇವೆ. ರುಚಿ ನೋಡಿದರೆ ಸಿಹಿ ಕಡಿಮೆ ಅನಿಸುವುದಿಲ್ಲ. ಹೀಗಾಗಿ ನಾಲಿಗೆಗೆ ಈ ಮೋಸ ಗೊತ್ತಾಗುವುದಿಲ್ಲ.

ಬ್ರಿಕ್ಸ್ ಮೀಟರೂ ಹೇಳುವುದಿಲ್ಲ. ಅದು ಹಾಲಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಅಳೆಯುತ್ತದೆ. ಸಕ್ಕರೆ ಯಾವುದು, ಗ್ಲುಕೋಸು ಯಾವುದು ಎಂದು ವಿಂಗಡಿಸುವುದಿಲ್ಲ. ಬಿಸಿಲಿಗೆ ನೀರು ಆರಿದ ಕಬ್ಬಿನಲ್ಲಿ ಬ್ರಿಕ್ಸ್ ಏರಲೂಬಹುದು. "ಬ್ರಿಕ್ಸ್ ಬಾಳ ಬಂದೈತಿ" ಎಂದು ಹಿಗ್ಗುವ ಮೊದಲು ಕಬ್ಬು ಕಡಿದು ಎಷ್ಟು ದಿನವಾಯಿತು ಎಂದು ಕೇಳಬೇಕು. ನಿಜವಾದ ಸಕ್ಕರೆ ತಿಳಿಯಬೇಕೆಂದರೆ ಪ್ರಯೋಗಶಾಲೆಯಲ್ಲಿ 'ಪೋಲ್' ನೋಡಬೇಕು.

ರೂಪಾಯಿಯ ಲೆಕ್ಕ

2025-26ರ ಹಂಗಾಮಿಗೆ ಕೇಂದ್ರ ಸರಕಾರ ನಿಗದಿಪಡಿಸಿದ ಎಫ್‌ಆರ್‌ಪಿ, 10.25 ಶೇಕಡಾ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಅಂದರೆ ಮರಾಠಿಯವರು ಉತಾರಾ ಅನ್ನುವುದು. ಅದು 0.1 ಏರಿದರೆ ಅಥವಾ ಇಳಿದರೆ ಕ್ವಿಂಟಲಿಗೆ 3.46 ರೂಪಾಯಿ ಹೆಚ್ಚು-ಕಡಿಮೆ. 9.5ಕ್ಕಿಂತ ಎಷ್ಟೇ ಇಳಿದರೂ 329.05 ರೂಪಾಯಿಗಿಂತ ಕೆಳಗೆ ಹೋಗಬಾರದು.

ಒಂದು ಎಕರೆಗೆ 40 ಟನ್ ಬೆಳೆದ ರೈತನ ಲೆಕ್ಕ ಹಾಕೋಣ. ಕಾರ್ಖಾನೆಯ ಇಳುವರಿ ಅರ್ಧ ಶೇಕಡಾ ಇಳಿದರೆ ಟನ್ನಿಗೆ 173 ರೂಪಾಯಿ, 40 ಟನ್ನಿಗೆ 6,920 ರೂಪಾಯಿ ಹೋಯಿತು. ಇನ್ನು ಕಡಿದು ಬಿದ್ದ ಕಬ್ಬು ನೀರು ಆರಿ ನೂರಕ್ಕೆ ಎರಡು ಕಿಲೋ ತೂಕ ಕಳಕೊಂಡಿತು ಅಂದುಕೊಳ್ಳಿರಿ. 40 ಟನ್ನಿಗೆ 800 ಕಿಲೋ, ಅಂದರೆ 2,840 ರೂಪಾಯಿ. ನೀರು ಆರಿದ ತೂಕದ ನಷ್ಟ ಕಾಟಾದ ಮೇಲೆ ಆ ಒಬ್ಬ ರೈತನದೇ. ಸಕ್ಕರೆ ಒಡೆದ ನಷ್ಟ ಕಾರ್ಖಾನೆಯ ಸರಾಸರಿಗೆ ಸೇರಿ ಎಲ್ಲ ರೈತರ ದರಕ್ಕೂ ತಗಲುತ್ತದೆ. ಒಬ್ಬರ ಕಬ್ಬು ಬಾಡಿದರೆ ಊರಿನ ಪಟ್ಟಿಯೇ ಬಾಡುತ್ತದೆ.

ಹೀಗೆ ಒಡೆದ ಸಕ್ಕರೆ ಪೂರ್ತಿ ವ್ಯರ್ಥ ಅಂತಲ್ಲ. ಕಾಕಂಬಿಗೆ ಯೀಸ್ಟ್ ಹಾಕಿದರೆ 180 ಕಿಲೋ ಗ್ಲುಕೋಸಿನಿಂದ ಹೆಚ್ಚೆಂದರೆ 92 ಕಿಲೋ ಎಥನಾಲು, 88 ಕಿಲೋ ಅನಿಲ ಆಗುತ್ತದೆ. ಎಥನಾಲು 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಅದಕ್ಕೇ ಭಟ್ಟಿ ಇಳಿಸಿ ಬೇರೆ ಮಾಡಲು ಬರುತ್ತದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು 20 ಶೇಕಡಾ ಮುಟ್ಟಿತು. ಆದರೆ ಒಡೆದ ಸಕ್ಕರೆ ಹರಳಿನ ಲೆಕ್ಕಕ್ಕೆ ಮಾತ್ರ ಬರುವುದಿಲ್ಲ.

ಬೆಲ್ಲದ ವ್ಯಾಪಾರಿಗಳಿಗೂ ಇದೇ ಮಾತು. ಬಾಡಿದ ಕಬ್ಬಿನ ಬೆಲ್ಲ ಗಟ್ಟಿಯಾಗಿ ಕೂಡುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ನೀರು ಎಳೆದು ಬೆವರುತ್ತದೆ. ಪಾಕ ಕೆಟ್ಟದ್ದು ಕಂಡು ಸುಣ್ಣ ಹೆಚ್ಚು ಸುರಿದರೆ ಒಡೆದ ಸಕ್ಕರೆ ಕಪ್ಪಾಗಿ ಬೆಲ್ಲದ ಬಣ್ಣವೂ ಹೋಗುತ್ತದೆ. ಕಡಿದ ತಪ್ಪನ್ನು ಕೊಪ್ಪರಿಗೆಯಲ್ಲಿ ತಿದ್ದಲು ಬರುವುದಿಲ್ಲ.

ಮಾಡಬೇಕಾದದ್ದು

ಚೀಟಿ ಕೈಗೆ ಬಂದು, ಗಾಡಿ ಖಾತ್ರಿಯಾದ ಮೇಲೆಯೇ ಕೊಯ್ತೆ ಹಾಕಿಸಿರಿ. ಕಡಿದ 24 ಗಂಟೆಯೊಳಗೆ ಕಬ್ಬು ಗಾಣಕ್ಕೆ ಬೀಳುವುದು ಒಳ್ಳೆಯದು. ತಡವಾಗುವ ಹಾಗಿದ್ದರೆ ಒಟ್ಟಿ, ರವದಿ ಮುಚ್ಚಿ, ಮೇಲೆ ನೀರು ಚಿಮುಕಿಸಿರಿ. ಕೆಲಸ ಹಗುರಾಗಲಿ ಎಂದು ಹೊಲಕ್ಕೆ ಬೆಂಕಿ ಹಚ್ಚಬೇಡಿರಿ. ಸುಟ್ಟ ಕಬ್ಬು ಹಸಿ ಕಬ್ಬಿಗಿಂತ ಬೇಗ ಕೆಡುತ್ತದೆ. ಬುಡ ನೆಲಮಟ್ಟಕ್ಕೆ ಕಡಿಸಿರಿ, ಸಕ್ಕರೆ ಬುಡದಲ್ಲಿ ಹೆಚ್ಚು. ಎಳೆ ತುದಿಯಲ್ಲಿ ಸಕ್ಕರೆ ಕಡಿಮೆ, ಗ್ಲುಕೋಸು ಹೆಚ್ಚು. ಅದನ್ನು ದನಕ್ಕೆ ಹಾಕಿರಿ.

ಇದೆಲ್ಲ ರೈತನ ಕೈಯಲ್ಲಿರುವುದು. ಗೇಟಿನ ಮುಂದೆ ಗಾಡಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಅವನ ಕೈಯಲ್ಲಿಲ್ಲ. ಕಬ್ಬು ಮುಟ್ಟಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕು, ತಪ್ಪಿದರೆ ವರ್ಷಕ್ಕೆ 15 ಶೇಕಡಾ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ರೊಕ್ಕ ತಡವಾದರೆ ಬಡ್ಡಿಯಾದರೂ ಕೇಳಬಹುದು. ಒಡೆದ ಸಕ್ಕರೆಯನ್ನು ಯಾವ ಕಾಯ್ದೆಯೂ ಕೂಡಿಸಿ ಕೊಡಲಾರದು. ಆದ್ದರಿಂದ ಎಲ್ಲ ಕಾರ್ಖಾನೆಗಳ ಆಡಳಿತ ಮಂಡಳಿಗಳಲ್ಲಿ ಒಂದು ಬಿನ್ನಹ: ತೂಕದ ಚೀಟಿಯ ಮೇಲೆ ಕಬ್ಬು ಕಡಿದ ದಿನ ಮತ್ತು ಗಂಟೆಗೂ ಒಂದು ಕಾಲಂ ಇರಲಿ. ಅದಕ್ಕೆ ತಗಲುವ ಖರ್ಚು ಒಂದು ಗೆರೆ ಮಸಿ ಮಾತ್ರ.