ತಪ್ಪು ಒಪ್ಪಿಕೊಂಡರೂ ಅಪೀಲು ಉಂಟು

ನಲ್ಲಿಯ ಹತ್ತಿರ ಜಗಳ. ಮಾತಿಗೆ ಮಾತು ಬೆಳೆಯಿತು. ಒಬ್ಬಾಕೆ ಸಿಟ್ಟಿನಲ್ಲಿ ಕೊಡ ಬೀಸಿದಳು. ಇನ್ನೊಬ್ಬಾಕೆಯ ಹಣೆಗೆ ಪೆಟ್ಟಾಯಿತು. ಪೊಲೀಸ್ ಕೇಸಾಯಿತು. "ಒಪ್ಪಿಕೊಂಡುಬಿಡು, ದಂಡ ಕಟ್ಟಿ ಮನೆಗೆ ಹೋಗಬಹುದು" ಅಂತ ಯಾರೋ ಹೇಳಿಕೊಟ್ಟರು. ಆಕೆ ಮ್ಯಾಜಿಸ್ಟ್ರೇಟರ ಮುಂದೆ "ಹೌದು ಸ್ವಾಮಿ, ಹೊಡೆದೆ" ಅಂದಳು. ಆದರೆ ಆರು ತಿಂಗಳ ಸಜೆ ಆಯಿತು. ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಹೀಗೂ ಆಗಬಹುದಲ್ಲವೇ?

ಒಪ್ಪಿಕೊಂಡ ಮೇಲೆ ಎಲ್ಲಾ ಮುಗೀತು ಅಂತ ಜನ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. "ನಾನು ತಪ್ಪೇ ಮಾಡಿಲ್ಲ" ಅಂತ ಅಪೀಲು ಹಾಕಲು ಬರುವುದಿಲ್ಲ. ಆದರೆ "ಶಿಕ್ಷೆ ಹೆಚ್ಚಾಯಿತು" ಅಂತ ಹಾಕಬಹುದು. "ಈ ಶಿಕ್ಷೆ ಕಾನೂನಿನ ಪ್ರಕಾರ ಇಲ್ಲ" ಅಂತಲೂ ಹಾಕಬಹುದು. ಹಳೆಯ ಕಾನೂನಿನಲ್ಲೂ ಹೀಗೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಇದೆ. ಬರೀ ನೂರು ರೂಪಾಯಿ ಒಳಗಿನ ದಂಡ ಹಾಕಿದ್ದರೆ ಅಪೀಲು ಇಲ್ಲ.

ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ ಹೋಗಬೇಕು. ವಾಯಿದೆ 30 ದಿನ. ಸೆಷನ್ಸ್ ಕೋರ್ಟೇ ಶಿಕ್ಷೆ ಕೊಟ್ಟಿದ್ದರೆ ಹೈಕೋರ್ಟಿಗೆ ಹೋಗಬೇಕು. ಅದಕ್ಕೆ 60 ದಿನ. ಸಜೆ ಆದವರಿಗೆ ತೀರ್ಪಿನ ನಕಲನ್ನು ಕೋರ್ಟು ಪುಕ್ಕಟೆ ಕೊಡುತ್ತದೆ. ಕೇಳಿ ತಗೊಳ್ಳಿ.

ಅಲ್ಲಿ ಏನು ಹೇಳಬೇಕು? ಇದು ಮೊದಲ ತಪ್ಪು. ಮಕ್ಕಳನ್ನು ನೋಡುವವರು ಬೇರೆ ಯಾರೂ ಇಲ್ಲ. ಪೆಟ್ಟಾದವರ ಆಸ್ಪತ್ರೆ ಖರ್ಚು ಕೊಟ್ಟಿದ್ದೇನೆ. ನಿಜ ಇದ್ದದ್ದನ್ನೆಲ್ಲ ವಕೀಲರಿಗೆ ಹೇಳಿ. ಮೇಲಿನ ಕೋರ್ಟು ಸಜೆ ಕಡಿಮೆ ಮಾಡಬಹುದು. 1958ರ ಒಂದು ಕಾನೂನು ಇದೆ. ಅದರಂತೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಲೂಬಹುದು.

"ಅಪೀಲು ಹಾಕಿದರೆ ಶಿಕ್ಷೆ ಇನ್ನೂ ಜಾಸ್ತಿ ಆಗುತ್ತೇನೋ" ಅಂತ ಬಹಳ ಜನಕ್ಕೆ ಹೆದರಿಕೆ. ನೀವು ಹಾಕಿದ ಅಪೀಲಿನಲ್ಲಿ ಶಿಕ್ಷೆ ಜಾಸ್ತಿ ಮಾಡುವ ಹಾಗಿಲ್ಲ. ಹೆಚ್ಚು ಮಾಡಿ ಅಂತ ಸರ್ಕಾರ ಬೇರೆ ಅಪೀಲು ಹಾಕಿದರೆ ಆ ಮಾತು ಬೇರೆ.

ಕೋರ್ಟು ಕೇಳಿದ್ದು ಅರ್ಥವಾಗದೆ "ಹೂಂ" ಅಂದಿದ್ದೀರಾ? ಅದನ್ನೂ ವಕೀಲರಿಗೆ ಮುಚ್ಚಿಡದೆ ಹೇಳಿ. ಅದು ದೊಡ್ಡ ವಿಷಯ.

ವಕೀಲರಿಗೆ ದುಡ್ಡು ಎಲ್ಲಿಂದ? ಹೆಂಗಸರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಆದಾಯ ಎಷ್ಟೇ ಇರಲಿ, ಫೀಸು ಇಲ್ಲ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ. 15100ಕ್ಕೆ ಫೋನ್ ಮಾಡಿದರೂ ಆಯಿತು.

ಜಾಮೀನಿನ ಮೇಲೆ ಹೊರಗಿದ್ದು, ಸಜೆ ಮೂರು ವರ್ಷದ ಒಳಗಿದ್ದರೆ, "ಅಪೀಲು ಹಾಕುತ್ತೇನೆ, ಅಲ್ಲಿಯವರೆಗೆ ಜಾಮೀನು ಕೊಡಿ" ಅಂತ ಅದೇ ಕೋರ್ಟಿನಲ್ಲಿ, ಅದೇ ದಿನ ಕೇಳಬಹುದು. ಜೈಲಿಗೆ ಹೋಗಿಬಿಟ್ಟಿದ್ದರೆ ಅಪೀಲಿನ ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಡಿ. ಅದನ್ನು ಕೋರ್ಟಿಗೆ ಕಳಿಸುವುದು ಅವರ ಕೆಲಸ.