ಮಾತಿನ ಒಡೆತನ: ರಾಬಿನ್ ಮಾರ್ಗನ್ ಮತ್ತು ಸಂದರ್ಶನದ ಶಿಕ್ಷಣ

ಯಾವುದೊಂದು ಚಳವಳಿಯೂ ತನ್ನ ವಿಚಾರವನ್ನು ಜನಸಾಮಾನ್ಯರಿಗೆ ಮುಟ್ಟಿಸುವುದು ಬಹುಮಟ್ಟಿಗೆ ವೃತ್ತಪತ್ರಿಕೆ, ಬಾನುಲಿ, ದೂರದರ್ಶನಗಳ ಮೂಲಕ. ಮಾತನ್ನಾಡುವವರು ಒಬ್ಬರು, ಅದನ್ನು ಆಯ್ದು, ಮೊಟಕುಗೊಳಿಸಿ, ತಲೆಬರಹವಿಟ್ಟು ಪ್ರಕಟಿಸುವವರು ಇನ್ನೊಬ್ಬರು. ಈ ಕೈಬದಲಿನಲ್ಲಿ ಮಾತಿನ ಅರ್ಥ ಕೆಡದಂತೆ ಕಾಯ್ದುಕೊಳ್ಳುವುದು ಹೇಗೆಂಬ ಚಿಂತನೆಯ ಫಲವೇ ಸಂದರ್ಶನ ಕೊಡುವವರ ಶಿಕ್ಷಣ. ಈ ಶಿಕ್ಷಣದ ಅಗತ್ಯವನ್ನು ಅಮೆರಿಕದ ಸ್ತ್ರೀವಾದಿ ಲೇಖಕಿ ರಾಬಿನ್ ಮಾರ್ಗನ್ ಅವರ ಬಾಳು ಸ್ಪಷ್ಟವಾಗಿ ತೋರಿಸುತ್ತದೆ.

೧೯೪೧ರಲ್ಲಿ ಹುಟ್ಟಿದ ಮಾರ್ಗನ್ ಬಾಲನಟಿಯಾಗಿ ಹೆಸರಾದವರು. ೧೯೫೦ರ ದಶಕದಲ್ಲಿ ‘ಮಾಮಾ’ ಎಂಬ ದೂರದರ್ಶನ ಮಾಲಿಕೆಯಲ್ಲಿ ಮನೆಯ ಕಿರಿಯ ಮಗಳ ಪಾತ್ರವನ್ನು ವಹಿಸಿದ್ದರು. ಕ್ಯಾಮೆರಾದ ಮುಂದೆಯೇ ಬೆಳೆದ ಇವರಿಗೂ ಪತ್ರಿಕಾ ಪ್ರಚಾರದ ಬಿಸಿ ತಟ್ಟದಿರಲಿಲ್ಲ.

೧೯೬೮ರ ಸೆಪ್ಟೆಂಬರ್ ೭ರಂದು ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ‘ಮಿಸ್ ಅಮೆರಿಕ’ ಸೌಂದರ್ಯಸ್ಪರ್ಧೆಯನ್ನು ವಿರೋಧಿಸಿ ಮಾರ್ಗನ್ ಮತ್ತವರ ಸಂಗಾತಿಗಳು ಪ್ರತಿಭಟನೆಯನ್ನು ಏರ್ಪಡಿಸಿದರು. ಅವರು ಹಂಚಿದ ಕರಪತ್ರದಲ್ಲಿ ಹತ್ತು ಆಕ್ಷೇಪಗಳಿದ್ದವು. ೧೯೨೧ರಲ್ಲಿ ಆರಂಭವಾದ ಸ್ಪರ್ಧೆಯ ಅಂತಿಮ ಸುತ್ತಿಗೆ ಕರಿಯ ಜನಾಂಗದ ಹೆಣ್ಣೊಬ್ಬಳೂ ಬಂದಿಲ್ಲವೆಂಬುದು ಅವುಗಳಲ್ಲೊಂದು. ಗೆದ್ದವಳನ್ನು ವಿಯೆಟ್ನಾಮಿನ ಸೈನಿಕರ ಮನರಂಜನೆಗೆ ಕಳುಹಿಸುತ್ತಾರೆಂಬುದು ಮತ್ತೊಂದು. ಸ್ತ್ರೀಯರಿಗೆ ಬಂಧನವೆಂದು ತೋರಿದ ಬ್ರಾ, ಎತ್ತರದ ಹಿಮ್ಮಡಿಯ ಪಾದರಕ್ಷೆ, ಕೃತಕ ಕಣ್ಣೆವೆ ಮುಂತಾದವನ್ನು ‘ಸ್ವಾತಂತ್ರ್ಯದ ಕಸದ ತೊಟ್ಟಿ’ಗೆ ಎಸೆಯಲಾಯಿತು.

ಆದರೆ ನ್ಯೂಯಾರ್ಕಿನ ಪತ್ರಿಕೆಯೊಂದು ಇದನ್ನು ಯುದ್ಧವಿರೋಧಿ ತರುಣರು ಸೈನ್ಯಭರ್ತಿಯ ಚೀಟಿಗಳನ್ನು ಸುಟ್ಟುದಕ್ಕೆ ಹೋಲಿಸಿತು. ‘ಬ್ರಾ ಸುಡುವವರು’ ಎಂಬ ಅರ್ಥದ ತಲೆಬರಹ ಕೊಟ್ಟಿತು. ಅಲ್ಲಿ ಏನನ್ನೂ ಸುಡಲಿಲ್ಲವೆಂದು ಸಂಘಟಕರು ಎಷ್ಟು ಹೇಳಿದರೂ ಆ ಹೆಸರು ಚಳವಳಿಗೆ ಅಂಟಿಕೊಂಡಿತು. ಹತ್ತು ಆಕ್ಷೇಪಗಳು ಮರೆತುಹೋದವು, ಒಂದು ತಲೆಬರಹ ಮಾತ್ರ ಉಳಿಯಿತು. ಪ್ರತಿಭಟನಕಾರರು ಮಹಿಳಾ ಬಾತ್ಮೀದಾರರೊಡನೆ ಮಾತ್ರ ಮಾತನಾಡುವುದಾಗಿ ಮೊದಲೇ ಸಾರಿದ್ದರು. ವಿಪರ್ಯಾಸವೆಂದರೆ, ಆ ಲೇಖನವನ್ನು ಬರೆದವರೂ ಒಬ್ಬ ಮಹಿಳೆಯೇ. ಕೇಳುವವರು ಯಾರೆಂಬುದನ್ನು ಆರಿಸಿಕೊಂಡರೆ ಸಾಲದು, ಹೇಳುವ ಬಗೆಯನ್ನೂ ಅರಿತಿರಬೇಕೆಂಬುದು ಇದರಿಂದ ವಿದಿತವಾಗುತ್ತದೆ.

೨೦೦೫ರಲ್ಲಿ ಮಾರ್ಗನ್ ಅವರು ಗ್ಲೋರಿಯಾ ಸ್ಟೈನೆಮ್ ಮತ್ತು ನಟಿ ಜೇನ್ ಫಾಂಡಾ ಅವರೊಡನೆ ‘ವಿಮೆನ್ಸ್ ಮೀಡಿಯಾ ಸೆಂಟರ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಾನಾ ಕ್ಷೇತ್ರಗಳ ತಜ್ಞೆಯರ ಪಟ್ಟಿಯನ್ನು ಪತ್ರಕರ್ತರಿಗೆ ಒದಗಿಸುವುದರ ಜೊತೆಗೆ, ಸಂದರ್ಶನವನ್ನು ಎದುರಿಸುವ ಶಿಕ್ಷಣವನ್ನೂ ಅದು ಮಹಿಳೆಯರಿಗೆ ಕೊಡುತ್ತ ಬಂದಿತು. ಸ್ಥಾಪಕರಲ್ಲಿ ಸ್ಟೈನೆಮ್ ಅವರಿಗೆ ಮೊದಲಲ್ಲಿ ಸಭೆಯೆಂದರೆ ವಿಪರೀತ ಭಯ. ಡೊರೊಥಿ ಪಿಟ್‌ಮನ್ ಹ್ಯೂಸ್ ಅವರೊಡನೆ ಜೋಡಿಯಾಗಿ ವೇದಿಕೆ ಹತ್ತಿ ಅವರು ಆ ಅಳುಕನ್ನು ಗೆದ್ದರು. ವಾಕ್ಪಟುತ್ವ ಹುಟ್ಟುಗುಣವಲ್ಲ, ಅಭ್ಯಾಸದಿಂದ ಬರುವಂಥದು.

ಇಂಥ ಶಿಕ್ಷಣದ ಕ್ರಮ ಸರಳವಾದುದು. ಸಂದರ್ಶನಕ್ಕೆ ಒಪ್ಪುವ ಮೊದಲು ಅವಧಿ ಎಷ್ಟು, ನೇರ ಪ್ರಸಾರವೋ ಮುದ್ರಿತವೋ, ಜೊತೆಗೆ ಯಾರಿರುವರು ಎಂದು ಕೇಳಿ ತಿಳಿಯಬೇಕು. ಹೇಳಬೇಕಾದುದನ್ನು ಎರಡು ಮೂರು ಅಂಶಗಳಿಗೆ ಇಳಿಸಿ, ಒಂದೊಂದಕ್ಕೂ ಒಂದು ಅಂಕಿಯನ್ನೋ ಉದಾಹರಣೆಯನ್ನೋ ಸಿದ್ಧವಾಗಿಟ್ಟುಕೊಳ್ಳಬೇಕು. ಎದುರಾಳಿಯ ಮಾತನ್ನು ನಿರಾಕರಿಸುವ ಭರದಲ್ಲಿ ಅದನ್ನೇ ಪುನರುಚ್ಚರಿಸಬಾರದು. ‘ನಾವು ಪುರುಷದ್ವೇಷಿಗಳಲ್ಲ’ ಎಂದರೆ ಕೇಳುಗನ ಮನಸ್ಸಿನಲ್ಲಿ ನಿಲ್ಲುವುದು ‘ಪುರುಷದ್ವೇಷಿ’ ಎಂಬ ಪದವೇ. ‘ಸಮಾನ ಕೆಲಸಕ್ಕೆ ಸಮಾನ ವೇತನ ಬೇಕು’ ಎಂದರೆ ಬೇಡಿಕೆ ನಿಲ್ಲುತ್ತದೆ. ತಿಳಿಯದ ಪ್ರಶ್ನೆಗೆ ತಿಳಿಯದೆಂದೇ ಹೇಳಬೇಕು. ಇದೆಲ್ಲವನ್ನೂ ಕ್ಯಾಮೆರಾದ ಮುಂದೆ ಅಭ್ಯಾಸಮಾಡಿ, ಚಿತ್ರವನ್ನು ನೋಡಿ ತಿದ್ದಿಕೊಳ್ಳಬೇಕು.

ಇದು ರಾಜಕಾರಣಿಗಳ ನುಣುಚುವಿಕೆಯಂತಾಗದೇ ಎಂಬ ಶಂಕೆ ನ್ಯಾಯವಾದುದೇ. ಪ್ರಶ್ನೆಗೆ ಉತ್ತರ ಕೊಟ್ಟು ಅನಂತರ ತನ್ನ ವಿಷಯಕ್ಕೆ ಬರುವುದು ಕೌಶಲ. ಉತ್ತರವನ್ನೇ ಕೊಡದೆ ಹೋಗುವುದು ವಂಚನೆ. ಈ ಗೆರೆಯನ್ನು ದಾಟಿದ ಶಿಕ್ಷಣ ಚಳವಳಿಗೆ ಹಾನಿಯನ್ನೇ ತರುತ್ತದೆ.

ಹೊಣೆಯೆಲ್ಲ ಮಾತನಾಡುವವಳದೂ ಅಲ್ಲ. ಅನೇಕ ದೇಶಗಳ ಸುದ್ದಿಯನ್ನು ಅಳೆಯುವ ಜಾಗತಿಕ ಮಾಧ್ಯಮ ಸಮೀಕ್ಷೆಯ ಪ್ರಕಾರ, ಸುದ್ದಿಯಲ್ಲಿ ಕಾಣಿಸಿಕೊಂಡ ವ್ಯಕ್ತಿಗಳಲ್ಲಿ ಸ್ತ್ರೀಯರ ಪ್ರಮಾಣ ೧೯೯೫ರಲ್ಲಿ ಶೇಕಡ ೧೭, ೨೦೨೦ರಲ್ಲಿ ಶೇಕಡ ೨೫. ಕಾಲು ಶತಮಾನದಲ್ಲಿ ಆದ ಏರಿಕೆ ಇಷ್ಟೇ. ಕರೆಯದವರ ಮನೆಯಲ್ಲಿ ಎಷ್ಟು ಚೆನ್ನಾಗಿ ಮಾತನಾಡಬಲ್ಲವಳಾದರೇನು? ಸಂಪಾದಕರು ಬಾಗಿಲು ತೆರೆಯುವುದೂ ಅಷ್ಟೇ ಅವಶ್ಯ.

೧೯೮೪ರಲ್ಲಿ ಮಾರ್ಗನ್ ಸಂಪಾದಿಸಿದ ‘ಸಿಸ್ಟರ್‌ಹುಡ್ ಈಸ್ ಗ್ಲೋಬಲ್’ ಸಂಕಲನದಲ್ಲಿ ಆಯಾ ದೇಶದ ವಿಚಾರವನ್ನು ಆಯಾ ದೇಶದ ಮಹಿಳೆಯರೇ ಬರೆದರು. ಭಾರತದ ಲೇಖನವನ್ನು ಬರೆದವರು ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್. ತನ್ನ ಸ್ಥಿತಿಯನ್ನು ತಾನೇ ಹೇಳಬೇಕೆಂಬ ಈ ತತ್ತ್ವಕ್ಕೂ ಸಂದರ್ಶನದ ಶಿಕ್ಷಣಕ್ಕೂ ಮೂಲ ಒಂದೇ. ತನ್ನ ಹೆಸರನ್ನು ತಾನು ಹೇಳದವರಿಗೆ ಲೋಕವೇ ಒಂದು ಹೆಸರನ್ನಿಡುತ್ತದೆ. ಅದನ್ನು ಅಳಿಸಲು ಅರ್ಧ ಶತಮಾನವೂ ಸಾಲದೆಂಬುದಕ್ಕೆ ೧೯೬೮ರ ಆ ತಲೆಬರಹವೇ ಸಾಕ್ಷಿ.