ಸಿಂಗಾರೆವ್ವನನ್ನು ಯಾರು ಓದಬೇಕು?

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ಯನ್ನು ಓದಿ ಮುಗಿಸಿದ್ದಾಳೆ. ಪುಸ್ತಕ ಕೊಟ್ಟ ಗ್ರಂಥಾಲಯದ ಮೇಲ್ವಿಚಾರಕರಿಗೆ ಇನ್ನೂ ಅಳುಕು. “ದೊಡ್ಡವ್ರ ಕಾದಂಬರಿ ಐತ್ರೀ ಅದು. ಕೊಡಬೇಕಿತ್ತೋ ಬ್ಯಾಡಾಗಿತ್ತೋ, ತಿಳೀವಲ್ದು.” ರಟ್ಟು ಕಿತ್ತು ಬರೀ ಹೊಲಿಗೆಯ ಮೇಲೆ ನಿಂತ ಆ ಪ್ರತಿಯನ್ನು ಎದೆಗವಚಿಕೊಂಡಿದ್ದ ಹುಡುಗಿ ಹೇಳಿದ್ದೇ ಬೇರೆ: “ಅಕಿ ಅಪ್ಪನ ಮ್ಯಾಲ ಭಾಳ ಸಿಟ್ಟ ಬಂತ್ರೀ.” ಕಾದಂಬರಿಯ ಕ್ರೌರ್ಯದ ಬಗ್ಗೆ ಕೆದಕಿ ಕೇಳಿದರೂ ಅವಳು ಮತ್ತೆ ಬಂದು ನಿಂತದ್ದು ಆ ಅಪ್ಪನ ಹತ್ತಿರವೇ.

ಪಕ್ಕದ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರಾದ ಕಂಬಾರರು 1982ರಲ್ಲಿ ತಂದ ಈ ಕಾದಂಬರಿಯಲ್ಲಿ ತಂದೆಯೇ ಆಸ್ತಿಯ ಆಸೆಗೆ ಮಗಳನ್ನು ಅರಮನೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಹತ್ತನೇ ತರಗತಿಯ ಪರೀಕ್ಷೆಗೆ ಮೊದಲೇ ಗೆಳತಿಯ ಲಗ್ನ ಗೊತ್ತಾಗುವುದನ್ನು ಕಂಡ ಹುಡುಗಿಗೆ ಇದು ಹೊಸ ಕತ್ತಲೆಯೇನಲ್ಲ. ಮನೆಯಲ್ಲಿ ಪಿಸುಮಾತಿನಲ್ಲಿ ಮುಗಿದುಹೋಗುವ ಸಂಗತಿಯನ್ನು ಲೇಖಕರೊಬ್ಬರು ಬಾಯಿಬಿಟ್ಟು ಹೇಳಿದ್ದಾರೆ, ಅಷ್ಟೇ.

ಕರ್ನಾಟಕದಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನ 6ರಿಂದ 18 ವರ್ಷದವರಿಗೆ ಪಂಚಾಯತಿ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತ ಮಾಡಿತು. ಒಳ್ಳೆಯ ಕೆಲಸ. ಆದರೆ ಚಿತ್ರಪುಸ್ತಕ ಮುಗಿಸಿದ ಹದಿನಾಲ್ಕರ ಮಗು ಕೈಚಾಚಿದರೆ ಸಿಗುವುದು ನೇರವಾಗಿ ದೊಡ್ಡವರ ಕಪಾಟು. ನಡುವೆ ಮೆಟ್ಟಿಲಿಲ್ಲ.

ಹಾಗೆಂದು ಈ ಸೀಮೆಯ ಮಕ್ಕಳು ರಕ್ತಪಾತ ಕಾಣದವರೇ? ಇಲ್ಲಿ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಮಾತು ಬಾರದಿದ್ದರೆ ಲೆಕ್ಕ ತಪ್ಪುತ್ತದೆ. ಬೈಲಹೊಂಗಲದ ಕಡೆ ನಿಜವಾಗಿ ನಡೆದದ್ದೆಂದು ಹೇಳುವ ಕೊಲೆಯೇ ಅದರ ಕತೆ. ಇರಪಕ್ಷಿಯ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಮನಸ್ಸು; ಅವನನ್ನು ಹಗೆಗಳ ಕೈಗೆ ಒಪ್ಪಿಸುವವನು ಜೀವದ ಗೆಳೆಯ ಬಾಳ್ಯಾ. ರಾತ್ರಿಯಿಡೀ ಆಟ. ಎಲ್ಲರಿಗಿಂತ ಮುಂದೆ, ರಂಗಕ್ಕೆ ಮೂಗು ತಾಗುವಷ್ಟು ಹತ್ತಿರ ಕೂತವರು ಹುಡುಗರೇ. ನಡುವೆ ತೂಕಡಿಸಿದವರನ್ನು ಅಜ್ಜಿಯರೇ ತಿವಿದು ಎಬ್ಬಿಸುವುದು ಸಂಗ್ಯಾನ ಕೊಲೆ ನೋಡಲೆಂದು! ಅಲ್ಲಿ ಕೊಲೆ ಸುಮ್ಮನೆ ನಡೆದುಹೋಗುವುದಿಲ್ಲ. ಸಾಯುವವನು ಹಾಡುತ್ತಾನೆ, ಹಿಮ್ಮೇಳ ಎತ್ತಿಕೊಳ್ಳುತ್ತದೆ, ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮರುದಿನ ಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ ತಪ್ಪು ಯಾರದೆಂದು ವಾದ ನಡೆಯುತ್ತದೆ, ಮಕ್ಕಳೂ ಕೇಳಿಸಿಕೊಳ್ಳುತ್ತಾರೆ. ಕಾದಂಬರಿ ಓದಿದ ಮಗುವಿಗೆ ಇಲ್ಲದಿರುವುದು ಈ ಮರುದಿನ.

ಇಂಥ ಪುಸ್ತಕಗಳ ಮೇಲಿನ ತಕರಾರು ಹಳೆಯದು. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬಂದಾಗ ಅ.ನ.ಕೃ. ಮೇಲೆ ಮುಗಿಬಿದ್ದವರು ಬಹಳ. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರಿಸಿದರು. ಹುಡುಗರೇ ಹುಡುಗರನ್ನು ಕೊಲ್ಲುವ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ (1954) ಹೊರದೇಶಗಳಲ್ಲಿ ಶಾಲೆಯ ಪಠ್ಯವೂ ಆಗಿದೆ, ಆಕ್ಷೇಪಕ್ಕೂ ಗುರಿಯಾಗಿದೆ. ಏಟನ್ನೇ ರುಚಿಯೆಂದು ಬಡಿಸುವ, ಸತ್ತವನ ಹೆಸರೂ ನೆನಪಲ್ಲಿ ಉಳಿಯದ ಪುಸ್ತಕಗಳೂ ಇವೆ. ಅವನ್ನು ಕೊಡದಿದ್ದರೆ ನಷ್ಟವಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಆ ಸಾಲಿನದಲ್ಲ. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುತ್ತಿದ್ದಾನೆ. ದಡದಲ್ಲಿ ಜನರಿದ್ದಾರೆ, ಹೊಲೆಯರ ಹುಡುಗನೆಂಬ ಕಾರಣಕ್ಕೆ ಯಾರೂ ಮುಟ್ಟುವುದಿಲ್ಲ, ಇಳಿಯಹೊರಟವನನ್ನೂ ತಡೆಯುತ್ತಾರೆ. ಸಮಾಧಾನದ ಒಂದು ಮಾತನ್ನೂ ಕಾರಂತರು ಸೇರಿಸುವುದಿಲ್ಲ. ಹದಿನೈದರ ಹುಡುಗ ಇದನ್ನೋದಿ, ಯಾಕೆ ಯಾರೂ ನೀರಿಗೆ ಧುಮುಕಲಿಲ್ಲ ಎಂದು ಕೇಳಿಯೇ ಕೇಳುತ್ತಾನೆ. ಆಗಿನ ಕಾಲ ಹಾಗಿತ್ತು ಎಂದರೆ ಅವನು ನಂಬುವುದಿಲ್ಲ. ತನ್ನೂರಿನ ಕೇರಿ, ಗುಡಿ, ಹೋಟೆಲು ಅವನಿಗೂ ಗೊತ್ತು. ಮಾಸ್ತರರು ಅವುಗಳ ಹೆಸರು ಹಿಡಿದೇ ಉತ್ತರ ಹೇಳಬೇಕಾಗುತ್ತದೆ.